ಹಕ್ಕಿಹೆಜ್ಜೆಯ ಗಡಿಗೆ

ಬಹಳ ಬಹಳ ಹಿಂದೆ, ನವಿಲುಗಳು ಕೋಟೆ ಕಾಯುತ್ತಿದ್ದ ಕಾಲದಲ್ಲಿ, ಹೊನ್ನಗಿರಿ ಎಂಬ ರಾಜ್ಯದಲ್ಲಿ ಮಾಳವ್ವ ಎಂಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ತಿಗರಿಯ ಮುಂದೆ ತಾನೇ ಕೂತಳು. ಮಾಡಿದ ಪ್ರತಿ ಗಡಿಗೆಯ ಕೊರಳಿಗೂ ಹಕ್ಕಿಹೆಜ್ಜೆಯಂಥ ಗುರುತು ಒತ್ತುತ್ತಿದ್ದಳು.

"ಈ ಗುರುತು ಕಂಡರೆ ಜನ ಕಣ್ಣು ಮುಚ್ಚಿಕೊಂಡು ಕೊಳ್ಳಬೇಕು, ಅತ್ತೆ. ನನ್ನ ಮೊಮ್ಮಕ್ಕಳ ಕಾಲದಲ್ಲೂ!"

"ಅಲ್ಲೀತನಕ ಉಪವಾಸ ಇರೋಣವೇನೇ?" ಎಂದಳು ಅತ್ತೆ ದ್ಯಾವವ್ವ.

ಆ ಬೇಸಿಗೆ ಧೂಮಕೇಶಿ ಎಂಬ ಮಾಂತ್ರಿಕ ಊರಿಗೆ ಬಂದ. ಅವನ ಹಸಿರು ಗಡಿಗೆಗಳು ಮುಚ್ಚಳ ತೆಗೆದರೆ ಸಾಕು, "ಆಹಾ, ಎಂಥ ಕೈರುಚಿ!" ಎನ್ನುತ್ತಿದ್ದವು. ಗಂಡನ ಬಾಯಲ್ಲಿ ಆ ಮಾತು ಕೇಳದ ಹೆಂಗಸರೆಲ್ಲ ಮುಗಿಬಿದ್ದರು. ಅರಮನೆಯ ಅಡುಗೆಯವರು ಮಾತ್ರ ಹಕ್ಕಿಹೆಜ್ಜೆ ಇಲ್ಲದ ಗಡಿಗೆ ಮುಟ್ಟಲಿಲ್ಲ.

ಧೂಮಕೇಶಿ ಮಾಳವ್ವನ ಮನೆಗೇ ಬಂದ. "ನಿನ್ನ ಗುರುತು ನನಗೆ ಕೊಡು, ಏಳು ಅಂಕಣದ ಮನೆ ಕೊಡ್ತೀನಿ."

"ನಾನು ಮಾಡದ ಗಡಿಗೆಗೆ ನನ್ನ ಗುರುತು ಹಾಕೋದಿಲ್ಲ," ಎಂದಳು ಮಾಳವ್ವ. ಏಳಂಕಣ ಎಂದು ಕೇಳಿ ದ್ಯಾವವ್ವನಿಗೆ ತಲೆ ಸುತ್ತಿತು.

ಎರಡನೆಯ ಸಲ ಅವನು ಮಂತ್ರದ ಹುಲಿಯನ್ನು ಕಳಿಸಿದ. "ಗುರುತು ಕೊಡ್ತೀಯೋ, ತಿನ್ನಲೋ?" ಎಂದಿತು ಹುಲಿ.

ಮಾಳವ್ವ ಒಂದು ಗಡಿಗೆ ತಂದು ಮುಂದಿಟ್ಟಳು. "ಬಿಸಿಲಲ್ಲಿ ಬಂದಿದ್ದೀಯ. ಮೊದಲು ನೀರು ಕುಡಿ."

ಹುಲಿ ಗಡಿಗೆಯ ತಣ್ಣೀರು ಕುಡಿಯಿತು, ಕಣ್ಣು ಮುಚ್ಚಿತು, ಇನ್ನೊಂದು ಗಡಿಗೆ ಕುಡಿಯಿತು. ಕೊನೆಗೆ, "ಮನೆಯವಳಿಗೂ ಒಂದು ಕೊಡು," ಎಂದು ಗಡಿಗೆಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಕಾಡಿಗೆ ಹೋಯಿತು.

ಆಮೇಲೆ ರಾಜಕುಮಾರಿಯ ಮದುವೆ ಬಂತು. ಅರಮನೆಯಿಂದ ಮುನ್ನೂರು ಗಡಿಗೆ ಬೇಕೆಂದರು. ಧೂಮಕೇಶಿ ಮಾಳವ್ವನ ಆವಿಗೆಗೆ ಮಂತ್ರ ಊದಿದ. ಸುಟ್ಟು ತೆಗೆದರೆ ಪ್ರತಿ ಗಡಿಗೆಯಲ್ಲೂ ಕೂದಲೆಳೆಯಷ್ಟು ಬಿರುಕು!

"ಅರಗು ಮೆತ್ತಿ ಕಳಿಸೇ. ಒಂದು ದಿನದ ಊಟ, ಯಾರಿಗೆ ಗೊತ್ತಾಗುತ್ತೆ?" ಎಂದಳು ದ್ಯಾವವ್ವ.

"ನನಗೆ ಗೊತ್ತಲ್ಲ, ಅತ್ತೆ."

ಮಾಳವ್ವ ಒನಕೆ ಎತ್ತಿ ಮುನ್ನೂರನ್ನೂ ಒಡೆದಳು. ಒಡೆಯುತ್ತಾ ಅತ್ತಳು. ಊರು ನಕ್ಕಿತು. ಅರಮನೆಗೆ ಹಸಿರು ಗಡಿಗೆಗಳು ಹೋದವು.

ಮದುವೆಯ ದಿನ, ಎಲೆ ಹಾಕುವ ಹೊತ್ತಿಗೆ, ವರ್ಷದ ಮೊದಲ ಮಳೆ ಸುರಿಯಿತು. ಒಂದು ಗಡಿಗೆ "ವಟರ್" ಎಂದಿತು. ಪಾಯಸದ್ದು ಛಂಗನೆ ಹಾರಿ ಬೀಗರ ಪೇಟದ ಮೇಲೆ ಕೂತಿತು. ಸಾರಿನವು ಸಾಲಾಗಿ ಕುಪ್ಪಳಿಸುತ್ತಾ ಕೆರೆಯತ್ತ ಹೊರಟವು. ಧೂಮಕೇಶಿ ಕೆರೆಯ ಕಪ್ಪೆಗಳನ್ನೇ ಗಡಿಗೆ ಮಾಡಿ ಮಾರಿದ್ದ. ಮಳೆ ಬಿದ್ದರೆ ಮಂತ್ರ ಕರಗುತ್ತದೆಂದು ಅವನಿಗೆ ಗೊತ್ತಿತ್ತು, ಆದರೆ ಅಷ್ಟು ದೂರದ ಯೋಚನೆ ಯಾಕೆಂದು ಬಿಟ್ಟಿದ್ದ. ಉಳಿದ ಕಪ್ಪೆಗಳೆಲ್ಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಅವನ ಮೇಲೇರಿದವು. ಮಂತ್ರ ಹೇಳಲು ಬಾಯಿ ತೆರೆದರೆ "ವಟರ್" ಬಿಟ್ಟು ಬೇರೇನೂ ಬರಲಿಲ್ಲ.

ಸಾರಿನಲ್ಲಿ ತೊಯ್ದ ರಾಜ ಮಾಳವ್ವನ ಬಾಗಿಲಿಗೆ ಓಡಿಬಂದ. "ತಾಯಿ, ಈಗಲೇ ಮುನ್ನೂರು ಗಡಿಗೆ!"

"ಈಗಲೇ ಆಗೋದಿಲ್ಲ, ಮಹಾಪ್ರಭು. ಒಣಗಬೇಕು, ಬೇಯಬೇಕು. ಹದಿನೈದು ದಿನ ಬೇಕು."

"ಮತ್ತೆ ಮದುವೆ?"

"ಮುಂದೆ ಹಾಕಿ."

ದ್ಯಾವವ್ವ ಸೊಸೆಯ ತಲೆ ಹೋಯಿತೆಂದೇ ಸೆರಗು ಬಾಯಿಗೆ ಒತ್ತಿಕೊಂಡಳು. ರಾಜ ಮೀಸೆಯಿಂದ ಕರಿಬೇವು ತೆಗೆದು, ಸ್ವಲ್ಪ ಯೋಚಿಸಿ, ಮದುವೆಯನ್ನು ಹದಿನೈದು ದಿನ ಮುಂದೆ ಹಾಕಿದ!

ಮದುವೆ ಚೆನ್ನಾಗಿಯೇ ಆಯಿತು. ಧೂಮಕೇಶಿ ಮಾಳವ್ವನ ಮನೆಯಲ್ಲಿ ಮಣ್ಣು ತುಳಿಯುವ ಕೆಲಸಕ್ಕೆ ಸೇರಿದ. ಹೊನ್ನಗಿರಿಯವರು ಹೊಟ್ಟೆ ತುಂಬ ಉಂಡು, ತಣ್ಣೀರು ಕುಡಿದು, ನೂರು ಮಳೆಗಾಲ ನಗುನಗುತ್ತಾ ಬಾಳಿದರು.