ಹಿತ್ತಲ ಮಾಸ್ತಿಕಲ್ಲು

ಗುದ್ಲೆಪ್ಪ ಕಲ್ಲು ತೊಳೆದು ಮುಗಿಸುವವರೆಗೂ ಹಿತ್ತಲಿಗೆ ಯಾರೂ ಬರಲಿಲ್ಲ. ಬಂದಿದ್ದರೆ ಅವನ ಕೈಯ ಬ್ರಷ್ಷನ್ನು ಕಸಿದುಕೊಳ್ಳುತ್ತಿದ್ದರು.

ಅವನು ಶಿಗ್ಗಾಂವಿಯ ಇತಿಹಾಸ ಮಂಡಳದವನು. ಹಗಲು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಹಳೆಯ ಅಕ್ಷರಗಳನ್ನು ಓದಲು ಮಂಡಳದ ಸಂಜೆ ವರ್ಗದಲ್ಲಿ ಕಲಿತಿದ್ದ, ಪೂರ್ತಿ ಕಲಿತಿದ್ದೇನೆಂಬ ಧೈರ್ಯ ಮಾತ್ರ ಇರಲಿಲ್ಲ. 1939ರ ಚಳಿಗಾಲದಲ್ಲಿ ಮಂಡಳವು ಸುತ್ತಲಿನ ಹಳ್ಳಿಗಳ ಕಲ್ಲುಗಳನ್ನು ಪಟ್ಟಿ ಮಾಡುತ್ತಿತ್ತು. ದುಂಡಸಿಯ ಅಜ್ಜಪ್ಪನವರ ಹಿತ್ತಲಲ್ಲಿ ಒಂದು ಮಾಸ್ತಿಕಲ್ಲಿತ್ತು. ಗಂಡನ ಚಿತೆ ಏರಿದವಳ ನೆನಪಿನದು: ಬಳೆ ತೊಟ್ಟ ಕೈ, ಕೆಳಗೆ ನಾಲ್ಕು ಸಾಲು ಬರಹ, ಅದರ ಮೇಲೆ ದಪ್ಪನೆಯ ಅರಿಶಿಣ-ಎಣ್ಣೆಯ ಪದರ. ಕಾಗದದ ಮೇಲೆ ಅಚ್ಚು ಬರಬೇಕಾದರೆ ಆ ಪದರ ಹೋಗಲೇಬೇಕೆಂದು ಅವನು ತಿಳಿದಿದ್ದ.

ಅಜ್ಜಪ್ಪನವರ ಮಗಳು ಹಾಲವ್ವ ಕೊಡ ಹೊತ್ತು ಬಂದವಳು ಅಲ್ಲೇ ನಿಂತಳು.

“ಯಾರನ್ನ ಕೇಳಿ ತೊಳದ್ರಿ?”

“ನಿಮ್ಮ ಅಪ್ಪಾರು ಅಚ್ಚು ತಗೀರಿ ಅಂದಿದ್ರು.”

“ತಗೀರಿ ಅಂದಿದ್ರು. ತೊಳೀರಿ ಅಂದಿದ್ರೇನು?” ಆಕೆ ದನಿ ಏರಿಸಲಿಲ್ಲ. “ಅದು ನಮ್ಮವ್ವ ಹಚ್ಚಿದ ಅರಿಶಿಣ. ಅಕಿ ಹೋಗಿ ಎರಡು ವರ್ಷಾತು. ಮನಿ ಮುತ್ತೈದಿನ ಹಚ್ಚಬೇಕು. ನಾ ಗಂಡ ಸತ್ತಾಕಿ. ಇನ್ನ ಹಚ್ಚವ್ರು ಯಾರದಾರ ಹೇಳ್ರಿ.”

ಹಳದಿ ನೀರು ಬಾಳೆಯ ಬುಡಕ್ಕೆ ಹರಿಯುತ್ತಿತ್ತು. “ತಪ್ಪಾತ್ರಿ” ಎಂದ.

ಆ ದಿನ ಅಚ್ಚು ಕೆಟ್ಟಿತು. ಮುಂದಿನ ಭಾನುವಾರ ತೆಗೆದದ್ದು ಚೆನ್ನಾಗಿಯೇ ಬಂತು. ಆದರೂ ಅವನು ಮೂರನೆಯ ಭಾನುವಾರ ಬಾಡಿಗೆ ಸೈಕಲ್ಲಿನಲ್ಲಿ ಬಂದ.

“ಕಲ್ಲು ಅಷ್ಟ ಚಂದ ಐತೇನ್ರಿ?” ಹಾಲವ್ವ ಹಿತ್ತಲ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತ ಕೇಳಿದಳು.

“ಮೂರನೇ ಸಾಲು ತಿಳೀವಲ್ದು.”

“ತಿಳೀದ ಇರಲಿ ಅಂತ ಬೇಡಿಕೊಳ್ಳಾಕತ್ತೀರಿ, ಅನಸ್ತೈತಿ.”

ಅವನು ನಕ್ಕ. ನಗಬಾರದಿತ್ತೇನೋ ಎಂದು ಅಳುಕಿ ಅವಳತ್ತ ನೋಡಿದ. ಆಕೆಯ ಕಣ್ಣು ಮೊರದ ಮೇಲಿತ್ತು. ಮೊರದ ಕಾಳು ಮಾತ್ರ ಬಹಳ ಹೊತ್ತಿನಿಂದ ಅಲುಗಿರಲಿಲ್ಲ.

ನಾಲ್ಕನೆಯ ಭಾನುವಾರ ಆಕೆಯೇ ಹೇಳಿದಳು: “ಹಿರೇಕೆರೂರ ಕಡೆ ನನಗ ಉಡಿಕಿ ನೋಡ್ಯಾರ. ಅಮಾಸಿಗೆ ಅಪ್ಪ ಮಾತು ಕೊಡ್ತಾನ.”

ಗಂಡ ತೀರಿದವಳಿಗೆ ಹೀಗೆ ಎರಡನೆಯ ಮದುವೆ ಮಾಡುವುದು ಅವರ ಮಂದಿಯಲ್ಲಿ ರೂಢಿಯೇ.

“ನೀವೇನಂದ್ರಿ?”

“ನನ್ನ ಯಾರೂ ಕೇಳಿಲ್ಲ. ನೀವೂ ಕೇಳಿಲ್ಲ.”

ಸೈಕಲ್ ತುಳಿಯುತ್ತ ಅವನು ದಾರಿಯುದ್ದಕ್ಕೂ ಯೋಚಿಸಿದ. ಕಲ್ಲನ್ನು ಶಿಗ್ಗಾಂವಿಗೆ ತಂದು ಮಂಡಳದ ಕೋಣೆಯಲ್ಲಿ ಇಡಬೇಕೆಂಬುದು ಅಧ್ಯಕ್ಷರ ಆಸೆ. ಅದು ಇದ್ದಲ್ಲೇ ಇರಲಿ ಎಂದು ಇವನು ವರದಿ ಬರೆದುಕೊಟ್ಟಿದ್ದ. ಈಗ ಹಾಲವ್ವನನ್ನು ಕೇಳಿದರೆ ಅದು ಹುಡುಗಿಗಾಗಿ ಬರೆದ ವರದಿಯಾಗುತ್ತದೆ, ಯಾರೂ ನಂಬುವುದಿಲ್ಲ, ಗಾಡಿ ಬಂದು ಕಲ್ಲು ಹೊತ್ತೊಯ್ಯುತ್ತದೆ. ಕೇಳದಿದ್ದರೆ ಅಮಾವಾಸ್ಯೆ ಬರುತ್ತದೆ. ಅದಲ್ಲದೆ, ತಾನು ನಿಜವಾಗಿ ಕಲ್ಲಿಗಾಗಿಯೇ ಬರೆದೆನೇ? ಅದೂ ಅವನಿಗೆ ಖಾತ್ರಿ ಇರಲಿಲ್ಲ.

ಅಧ್ಯಕ್ಷರು ವಕೀಲ ವಾದಿರಾಜರಾಯರು. ಸಭೆಯಲ್ಲಿ ವರದಿ ಎತ್ತಿ ಹಿಡಿದು, “ಛಲೋ ಬರದೀ. ಮತ್ತೇನರ ಹೇಳೂದದ ಏನು?” ಎಂದರು.

ಗುದ್ಲೆಪ್ಪ ಎದ್ದು ನಿಂತ. “ಆ ವರದಿ ಲೆಕ್ಕಕ್ಕ ಹಿಡೀಬ್ಯಾಡ್ರಿ. ಆ ಮನಿ ಮಗಳನ್ನ ಮದುವಿ ಆಗಬೇಕಂತ ನನ್ನ ಮನಸಿನ್ಯಾಗ ಐತಿ. ಬ್ಯಾರೇದವರನ್ನ ಕಳಿಸಿ ನೋಡಸ್ರಿ.”

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಯರು ಮೂಗಿನ ಮೇಲಿನ ಚಾಳೀಸು ತೆಗೆದು ಒರೆಸಿದರು.

“ಅಕೀಗೆ ಹೇಳೀಯೇನು?”

“ಇಲ್ರಿ. ಮೊದಲ ನಿಮಗ ಹೇಳೇನಿ.”

“ಹುಚ್ಚಪ್ಯಾಲಿ ಇದ್ದೀ ನೋಡು,” ಎಂದರು ರಾಯರು.

ಅಮಾವಾಸ್ಯೆಗೆ ಎರಡು ದಿನ ಮೊದಲು ರಾಯರೇ ದುಂಡಸಿಗೆ ಹೋದರು, ಗುದ್ಲೆಪ್ಪನನ್ನೂ ಕರೆದುಕೊಂಡು. ಅಜ್ಜಪ್ಪನವರೊಡನೆ ಒಳಗೆ ಬಹಳ ಹೊತ್ತು ಮಾತಾಡಿ ಹಿತ್ತಲಿಗೆ ಬಂದರು.

“ನೋಡವ್ವ, ಈ ಕಲ್ಲು ಇಡ್ಲಿಕ್ಕೆ ನಮ್ಮಲ್ಲಿ ಮಾಳಿಗಿ ಅದ, ಬೀಗ ಅದ,” ಎಂದರು ಹಾಲವ್ವನಿಗೆ.

“ಬೀಗ ಹಾಕಿದ್ರ ಯಾರು ನೋಡ್ತಾರ್ರಿ? ಊರ ಹುಡುಗ್ಯಾರು ಗಂಡನ ಮನಿಗೆ ಹೋಗುಮುಂದ ಇದರ ಮುಂದ ನಿಂತು ಹೋಗ್ತಾರ. ನಿಮ್ಮ ಕ್ವಾಣ್ಯಾಗ ಯಾರು ಬಂದು ನಿಲ್ತಾರ?”

“ಮತ್ತ ಯಾರರ ಬಂದು ತೊಳದ್ರ?”

“ಕಾಯಾಕ ನಾ ಅದೀನಲ್ರಿ.”

ರಾಯರು ಮಂಡಳದ ಪಟ್ಟಿ ಪುಸ್ತಕ ತೆರೆದು ಬರೆದರು: ಕಲ್ಲು ಸ್ವಸ್ಥಾನದಲ್ಲಿದೆ, ಜೋಪಾನ ಮಾಡುವವರು ಹಾಲವ್ವ ಅಜ್ಜಪ್ಪ. ಆಕೆ ಹೆಬ್ಬೆಟ್ಟು ಒತ್ತಿದಳು. ರಾಯರು ಗಾಡಿಯತ್ತ ಹೊರಟು, “ನೀ ಹಿಂದಿಂದ ಬಾ,” ಎಂದು ಗುದ್ಲೆಪ್ಪನನ್ನು ಅಲ್ಲೇ ಬಿಟ್ಟರು.

“ರಾಯರು ಅಪ್ಪಗ ಎಲ್ಲಾ ಹೇಳ್ಯಾರ,” ಎಂದಳು ಹಾಲವ್ವ. “ನನಗ ನೀವ ಹೇಳ್ರಿ.”

“ನನ್ನ ಮದುವಿ ಆಗ್ತೀರೇನ್ರಿ?”

“ಜೋಪಾನಕ್ಕ ಹೆಬ್ಬಟ್ಟು ಒತ್ತೇನಿ. ಊರು ಬಿಟ್ಟು ಬರಾಕ ಆಗಂಗಿಲ್ಲ.”

ಮುದ್ರಣಾಲಯದ ಕೆಲಸ, ಸಂಜೆಯ ವರ್ಗ, ಎಲ್ಲ ಅವನ ಕಣ್ಣ ಮುಂದೆ ಬಂದವು.

“ನಾನ ಇಲ್ಲಿಗೆ ಬರ್ತೇನಿ.”

“ಮನಿ ಅಳಿಯಾ ಅಂತ ಮಂದಿ ನಗ್ತಾರ. ನಾಚಿಕಿ ಇಲ್ಲೇನ್ರಿ?”

“ಐತ್ರಿ,” ಎಂದ ಗುದ್ಲೆಪ್ಪ. “ಆದ್ರೂ ಬರ್ತೇನಿ.”

ಆಕೆ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, “ಅಪ್ಪಾ, ಹಿರೇಕೆರೂರಿಗೆ ಬ್ಯಾಡ ಅಂತ ಹೇಳಿ ಕಳಿಸು,” ಎಂದಳು.