ಬಟಾಣಿಯ ಮೂರನೇ ಚಾನ್ಸ್

"ಮಿಸ್, ಅವಳು ಬೇಡ ಮಿಸ್! ಪ್ಲೀಸ್!"

ಬಾಗಿಲ ಸಾಲಿನ ಕ್ಯಾಪ್ಟನ್ ಕೂಗುತ್ತಾ ಬೆಂಚನ್ನೇ ಹತ್ತಿಬಿಟ್ಟಿದ್ದಳು. ಅವಳಿಗೆ ಬೇಡವಾದ ಹುಡುಗಿ ಪಕ್ಕದಲ್ಲೇ ಎದ್ದು ನಿಂತಿದ್ದಳು. ನಿಂತರೂ ಕೂತ ಹಾಗೇ ಕಾಣುವಷ್ಟು ಗಿಡ್ಡ. ಅದಕ್ಕೇ ಕ್ಲಾಸಿನಲ್ಲೆಲ್ಲ ಅವಳು ಬಟಾಣಿ.

"ನಿಮ್ಮ ಸಾಲಲ್ಲಿ ಉಳಿದಿರೋದು ಇವಳೊಬ್ಬಳೇ," ಎಂದರು ಇಂಗ್ಲಿಷ್ ಮಿಸ್. "ಹೋಗಮ್ಮ, ಹೊರಗೆ ನಿಂತ್ಕೋ."

ಆಟ ಹೀಗೆ. ಒಬ್ಬರು ಹೊರಗೆ ಹೋಗಬೇಕು. ಆಗ ಎದುರು ಸಾಲಿನವರು ಒಂದು ಆ್ಯಡ್ವರ್ಬ್ ಆರಿಸುತ್ತಾರೆ. ಮೆಲ್ಲಗೆ, ಜೋರಾಗಿ, ಖುಷಿಯಿಂದ, ಹೀಗೆ ಕೆಲಸ ಹೇಗೆ ನಡೆಯಿತು ಎಂದು ಹೇಳುವ ಪದ. ಹೊರಗಿದ್ದವರು ಬಂದು ಯಾರಿಗಾದರೂ ಒಂದು ಕೆಲಸ ಹೇಳಬೇಕು. ಅವರು ಅದನ್ನು ಆ ಪದದಂತೆಯೇ ಮಾಡಿ ತೋರಿಸುತ್ತಾರೆ. ಪದ ಯಾವುದೆಂದು ಕಂಡುಹಿಡಿಯಬೇಕು. ಇರುವುದು ಮೂರೇ ಚಾನ್ಸ್.

ಎರಡೂ ಸಾಲಿನ ಅಂಕ ಸಮಸಮವಾಗಿತ್ತು, ಇದೇ ಕೊನೆಯ ಸರದಿ. ಗೆದ್ದವರಿಗೆ ಕೊನೆಯ ಪಿರಿಯಡ್ ಮೈದಾನದಲ್ಲಿ ಆಟ. ಸೋತವರಿಗೆ ಕ್ಲಾಸಿನಲ್ಲೇ ಡಿಕ್ಟೇಷನ್.

ಬಟಾಣಿಗೆ ಆ್ಯಡ್ವರ್ಬ್ ಬರುವುದಿಲ್ಲ ಅಂತಲ್ಲ. ಪುಸ್ತಕದಲ್ಲಿದ್ದ ಅಷ್ಟೂ ಪದಗಳನ್ನು ಅರ್ಥದ ಸಮೇತ ಮಗ್ಗಿಯಂತೆ ಉರು ಹೊಡೆದಿದ್ದಳು. ಆದರೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ಕೇಳಿದರೆ ಮುಗಿಯಿತು ಕತೆ! ಹೋದ ವಾರದ ಟೆಸ್ಟಿನಲ್ಲಿ 'ಬಸ್ಸು ನಾಚಿಕೊಂಡು ನಿಂತಿತು' ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಆಮೇಲೆ ಸ್ಕೂಲ್ ಬಸ್ ಬಂದಾಗಲೆಲ್ಲ ಹುಡುಗರು "ಅಯ್ಯೋ, ನಾಚ್ಕೋಬೇಡಪ್ಪಾ!" ಎಂದು ಅದಕ್ಕೆ ಸಮಾಧಾನ ಹೇಳುತ್ತಿದ್ದರು. ಎಲ್ಲರಿಗೂ ನಗು. ಬಟಾಣಿಗೆ ಮಾತ್ರ ಅಳು.

"ಬಾ ಒಳಗೆ!"

ಎದುರಿನ ಕಿಟಕಿ ಸಾಲಿನವರೆಲ್ಲ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿದ್ದರು. ಪದ ಕಷ್ಟದ್ದೇ ಇರಬೇಕು. ಆ ಸಾಲಿನ ಉದ್ದನೆಯ ಹುಡುಗನಿಗೆ ಏಣಿ ಎಂದು ಹೆಸರು. ಬಟಾಣಿ ಅವನಿಗೇ ಹೇಳಿದಳು, "ಬೋರ್ಡ್ ಒರೆಸು."

ಏಣಿ ಕಾಲೆಳೆದುಕೊಂಡು ಹೋಗಿ, ಒಂದು ಗೆರೆ ಒರೆಸಿ ನಿಂತ. ಇನ್ನೊಂದು ಗೆರೆ ಒರೆಸಿ ಉಸ್ಸೆಂದ.

"ಸ್ಲೋಲಿ?"

"ರಾಂಗ್!" ಎಂದು ಕಿಟಕಿ ಸಾಲು ಕುಣಿಯಿತು.

ಬಟಾಣಿ ಎರಡು ಜಡೆಯ ಹುಡುಗಿಯ ಕಡೆ ತಿರುಗಿದಳು. "ನಿನ್ನ ಪೆನ್ಸಿಲ್ ಬಾಕ್ಸ್ ನಂಗೆ ಕೊಡು."

ಎರಡು ಜಡೆಯವಳು ಮುಖ ಊದಿಸಿಕೊಂಡು ಬಾಕ್ಸನ್ನು ಮುಂದೆ ಚಾಚಿದಳು, ಹಿಂದೆ ಎಳೆದುಕೊಂಡಳು, ಮತ್ತೆ ಚಾಚಿದಳು.

"ಆ್ಯಂಗ್ರಿಲಿ?"

"ರಾಂಗ್! ರಾಂಗ್!"

ಕ್ಯಾಪ್ಟನ್ ತಲೆ ಚಚ್ಚಿಕೊಂಡಳು. "ಹೋಯ್ತು! ನಮಗೆ ಡಿಕ್ಟೇಷನ್ನೇ ಗತಿ!"

ಬಟಾಣಿ ಸುತ್ತಲೂ ನೋಡಿದಳು. ಯಾರ ಮುಖ ನೋಡಿದರೂ ಒಂದೇ, ತಡೆದುಕೊಂಡ ನಗು. ಈ ಮುಖಗಳನ್ನು ನಂಬಿದರೆ ಕೆಟ್ಟೆ ಅನ್ನಿಸಿತು. ಅವಳು ಎಲ್ಲರಿಗೂ ಬೆನ್ನು ತಿರುಗಿಸಿ ಕಣ್ಣು ಮುಚ್ಚಿದಳು.

"ಮಿಸ್, ನೀವು ಬಾಗಿಲ ತನಕ ನಡ್ಕೊಂಡು ಹೋಗಿ."

"ನಾನಾ?" ಮಿಸ್ ನಕ್ಕರು. "ಸರಿ, ರೂಲ್ ಪ್ರಕಾರ ಯಾರಿಗೆ ಬೇಕಾದ್ರೂ ಹೇಳಬಹುದು. ಆದ್ರೆ ನೋಡದೇ ಹೇಗಮ್ಮ ಕಂಡುಹಿಡೀತೀಯ?"

"ಕೇಳಿಸ್ಕೋತೀನಿ ಮಿಸ್."

ಟಕ್. ಚಪ್ಪಲಿ ನಿಂತಿತು. ಅರ್ಧ ಟಕ್. ಸರ್ರನೆ ಒಂದಿಷ್ಟು ದೂರ ಎಳೆಯಿತು. ವಾಪಸ್ ಹೋಗೋಣ ಅನ್ನುವಂತೆ ಒಂದು ಹೆಜ್ಜೆ ಹಿಂದೆ. ಮತ್ತೆ ಟಕ್.

ಬಟಾಣಿಯ ಮನೆ ನಾಲ್ಕು ಮಹಡಿಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ರೂಮು. ಅಲ್ಲೇ ಅಮ್ಮ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ತಲೆಯ ಮೇಲೆ ಯಾರು ಇಳಿದರೂ ಅಮ್ಮ ಬಟ್ಟೆಯಿಂದ ಕಣ್ಣೆತ್ತದೆ "ಯಾರೇ ಅದು?" ಎನ್ನುವಳು. "ಮೂರನೇ ಫ್ಲೋರ್ ಆಂಟಿ, ಕೋಪ ಬಂದಿದೆ," ಎಂದು ಬಟಾಣಿ ಹೇಳುವಳು. ಅದು ಅವರಿಬ್ಬರ ದಿನದ ಆಟ.

ಈ ಹೆಜ್ಜೆ ಅವಳಿಗೆ ಚೆನ್ನಾಗಿ ಗೊತ್ತು! ಎರಡನೇ ಫ್ಲೋರಿನ ಹುಡುಗ ಸಂಜೆ ಟ್ಯೂಷನ್ನಿಗೆ ಇಳಿಯುವುದು ಹೀಗೇ. ಕಾಲು ನೋವಿಲ್ಲ, ಕೋಪವೂ ಇಲ್ಲ. ಕಾಲು ಮೆಟ್ಟಿಲ ಮೇಲೆ, ಮನಸ್ಸು ಟೀವಿ ಮುಂದೆ. ಎತ್ತು ಏರಿಗೆ, ಕೋಣ ನೀರಿಗೆ. "ಪಾಪ, ಮನಸ್ಸಿಲ್ಲದ ಮನಸ್ಸಿಂದ ಇಳೀತಿದೆ ಮಗು," ಎನ್ನುತ್ತಿದ್ದಳು ಅಮ್ಮ.

ಮನಸ್ಸಿಲ್ಲದ ಮನಸ್ಸಿಂದ! ಪುಸ್ತಕದಲ್ಲಿ ಆ ಅರ್ಥ ಯಾವ ಪದದ ಮುಂದಿತ್ತು? ಉರು ಹೊಡೆದದ್ದೆಲ್ಲ ಸರಸರನೆ ಓಡಿ ಬಂತು, ಒಂದು ಕಡೆ ಗಕ್ಕನೆ ನಿಂತಿತು.

"ರಿಲಕ್ಟೆಂಟ್ಲಿ!"

ಕಿಟಕಿ ಸಾಲಿನವರು ತೆರೆದ ಬಾಯಿ ಮುಚ್ಚಲಿಲ್ಲ.

"ಕರೆಕ್ಟ್!" ಎಂದು ಮಿಸ್ ಚಪ್ಪಾಳೆ ತಟ್ಟಿದರು.

ಬಾಗಿಲ ಸಾಲಿನ ಕೂಗಿಗೆ ಪಕ್ಕದ ಕ್ಲಾಸಿನ ಸರ್ ಇಣುಕಿ ನೋಡಿದರು. ಕ್ಯಾಪ್ಟನ್ ಓಡಿ ಬಂದು ಬಟಾಣಿಯನ್ನು ಎತ್ತಿಯೇ ಬಿಟ್ಟಳು. "ಬಟಾಣಿ ಅಲ್ಲ ಕಣೇ ನೀನು, ಬಾಂಬು! ಸಾರಿ ಕಣೇ, ಸಾರಿ!"

"ಕಣ್ಣು ಮುಚ್ಕೊಂಡು ಹೇಗೆ ಹೇಳ್ದೆ?" ಏಣಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ನಮ್ಮನೆ ಮೆಟ್ಟಿಲ ಕೆಳಗಿದೆ. ನಾಲ್ಕು ಫ್ಲೋರಿನವರೂ ನಮ್ಮ ತಲೆ ಮೇಲೇ ಓಡಾಡೋದು."

ಮನೆಯ ವಿಷಯ ಅವಳು ಕ್ಲಾಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಗುತ್ತಾರೇನೋ ಎಂದು ಕಾದಳು.

"ಹೌದಾ! ನಾನೂ ಒಂದಿನ ಕೇಳಿಸ್ಕೊಳ್ಳೋಕೆ ಬರ್ಲಾ?" ಎಂದ ಏಣಿ.

"ಸಾಕು, ಎಲ್ಲರೂ ಜಾಗಕ್ಕೆ ಹೋಗಿ," ಎಂದರು ಮಿಸ್.

ಬಟಾಣಿ ತನ್ನ ಬೆಂಚಿನ ಕಡೆ ನಡೆದಳು. ಟಕ್, ಟಕ್, ಟಕ್. ಎಲ್ಲೂ ತಡೆಯಲಿಲ್ಲ, ಎಲ್ಲೂ ಎಳೆಯಲಿಲ್ಲ. ಇಷ್ಟು ದಿನ ಊರವರ ಹೆಜ್ಜೆಯನ್ನೆಲ್ಲ ಕೇಳಿದವಳು ಇವತ್ತು ಮೊದಲ ಸಲ ತನ್ನ ಹೆಜ್ಜೆ ಕೇಳಿಸಿಕೊಂಡಳು.

ಪ್ರೌಡ್ಲಿ, ಎಂದು ಅವಳ ಮನಸ್ಸು ಮೆಲ್ಲಗೆ ಹೇಳಿತು.