ಮಣ್ಣೂರಿನ ಮೌನಪರೀಕ್ಷೆ

ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಮಣ್ಣೂರಿನ ಭೀಮಾ ದಂಡೆಯ ಹೊಲದಲ್ಲಿ, ನೆಲದ ಕಂಪನ ಹಿಡಿಯುವ ಇಪ್ಪತ್ನಾಲ್ಕು ಜಿಯೋಫೋನ್‌ಗಳನ್ನು ಸಾಲಾಗಿ ನೆಟ್ಟಿದ್ದೆ. ಕಂಪನ ದಾಖಲಿಸುವ ಯಂತ್ರವನ್ನು ಕಾಲೇಜಿಗೆ ಮರಳಿಸಲು ಅಂದೇ ಕೊನೆಯ ದಿನ. ದಾಖಲೆ ಕೆಟ್ಟರೆ ನನ್ನ ಒಂದು ವರ್ಷ ಹಾಳು. ಸುತ್ತಿಗೆಯಿಂದ ನೆಲಕ್ಕೆ ಹೊಡೆಯುವ ಮುನ್ನ, ಯಾರೂ ಕದಲದೆ ನಿಂತು ನೆಲದ ಮೌನವನ್ನು ದಾಖಲಿಸುವುದು ಕ್ರಮ. ಆ ಮಧ್ಯಾಹ್ನ ಹೊಲದಲ್ಲಿದ್ದವರು ನಾನು ಮತ್ತು ಸುತ್ತಿಗೆ ಹಿಡಿದ ರೈತ ಭೀಮಶಾ, ಇಬ್ಬರೇ.

ಯಂತ್ರದ ಪರದೆಯ ಮೇಲೆ, ಗೆರೆಗಳ ಏರಿಳಿತವಾಗಿ, ಹೆಜ್ಜೆಗಳು ಮೂಡಿದವು. ನದಿಯ ಕಡೆಯಿಂದ ಒಂದೊಂದೇ ಜಿಯೋಫೋನ್ ದಾಟಿ, ನನ್ನ ಪಾದದ ಬಳಿ ಬಂದು ನಿಂತವು.

“ಕಾಕಾ, ಅಲುಗಾಡಬ್ಯಾಡ್ರಿ ಅಂದಿದ್ದೆ.”

“ಉಸಿರು ಸೈತ ನಿನ್ನ ಕೇಳೇ ಬಿಡಾಕತ್ತೇನಿ ತಂಗಿ.”

ನನ್ನ ಅಂಗಾಲಿನಡಿಯ ಮಣ್ಣು ತಣ್ಣಗಾಗಿತ್ತು. ಮತ್ತೆ ದಾಖಲಿಸಿದೆ. ಹೆಜ್ಜೆಗಳು ನನ್ನ ಪಾದದ ಬಳಿಯಿಂದಲೇ ನದಿಯತ್ತ ಮರಳಿದವು. ಮೂರನೆಯ ಸಲ ಗೆರೆಗಳು ಶುಭ್ರವಾಗಿದ್ದವು. ಆ ದಾಖಲೆಯನ್ನೇ ಸಲ್ಲಿಸಿ ಪಾಸಾದೆ.

ಮೊದಲೆರಡು ದಾಖಲೆಗಳು ಇಂದಿಗೂ ನನ್ನಲ್ಲಿವೆ. ಬಂದ ಹೆಜ್ಜೆಗಳು ಒಬ್ಬರವು, ಹೋದವು ಇಬ್ಬರವು.